ಹಳೆಯ ಎಂಜಿನ್: ದುರಸ್ತಿಯೋ, ವಿಲೇವಾರಿಯೋ?

ಕಬ್ಬು ಅರೆಯುವ ಹಂಗಾಮಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣ ಭಾಗದ ಬೆಲ್ಲದ ಗಾಣದ ಮಾಲೀಕರನ್ನು ಒಂದು ಪ್ರಶ್ನೆ ಕಾಡತೊಡಗುತ್ತದೆ. ಹನ್ನೆರಡು ಹದಿನೈದು ವರ್ಷ ದುಡಿದ ಡೀಸೆಲ್ ಎಂಜಿನ್ ಕಳೆದ ಹಂಗಾಮಿನ ಕೊನೆಯಲ್ಲಿ ಹೊಗೆ ಉಗುಳುತ್ತ, ಎಣ್ಣೆ ಕುಡಿಯುತ್ತ ಹೇಗೋ ದಿನ ನೂಕಿರುತ್ತದೆ. ಅದನ್ನು ಬಿಚ್ಚಿಸಿ ದುರಸ್ತಿ ಮಾಡಿಸಬೇಕೆ, ಇಲ್ಲವೇ ಗುಜರಿಗೆ ಹಾಕಿ ಹೊಸದನ್ನು ತರಬೇಕೆ? ಮಿಸ್ತ್ರಿಯನ್ನು ಕೇಳಿದರೆ, ಕಬ್ಬಿಣ ಗಟ್ಟಿಯಿದೆ, ಪಿಸ್ಟನ್ ಬದಲಿಸಿದರೆ ಇನ್ನೂ ನಾಲ್ಕು ವರ್ಷ ಓಡುತ್ತದೆ ಎನ್ನುತ್ತಾನೆ. ಅಂಗಡಿಯವನನ್ನು ಕೇಳಿದರೆ, ಇದಕ್ಕೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬನ ಜೀವನ ದುರಸ್ತಿಯಿಂದ ನಡೆಯುತ್ತದೆ, ಇನ್ನೊಬ್ಬನದು ಮಾರಾಟದಿಂದ. ಆದ್ದರಿಂದ ನಿರ್ಣಯಕ್ಕೆ ಬೇಕಾದ ಲೆಕ್ಕವನ್ನು ಮಾಲೀಕನೇ ಹಾಕಿಕೊಳ್ಳಬೇಕು.

ಹಿಟ್ಟಿನ ಗಿರಣಿ, ಬೇಳೆ ಗಿರಣಿ, ಜನರೇಟರ್ ಇಟ್ಟುಕೊಂಡಿರುವ ಸಣ್ಣ ಕಾರ್ಖಾನೆ ಮುಂತಾದ ಎಲ್ಲ ಕಡೆಯೂ ಇದೇ ಪ್ರಶ್ನೆಯಿದೆ. ಸಾಮಾನ್ಯವಾಗಿ ವ್ಯಾಪಾರಿಗಳು ಅನುಸರಿಸುವ ಸೂತ್ರವೊಂದಿದೆ: ದುರಸ್ತಿಯ ಖರ್ಚು ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ಹೊಸದು, ಮೀರದಿದ್ದರೆ ದುರಸ್ತಿ. ಸೂತ್ರ ಸರಳವಾಗಿದೆ, ಆದರೆ ಯಂತ್ರವು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬ ಮುಖ್ಯ ಸಂಗತಿಯನ್ನು ಅದು ಗಮನಕ್ಕೇ ತೆಗೆದುಕೊಳ್ಳುವುದಿಲ್ಲ.

ಎಂಜಿನ್ನಿನ ಕುಲ

ಗ್ರಾಮೀಣ ಭಾಗದಲ್ಲಿ ಬಳಕೆಯಲ್ಲಿರುವ ಹಳೆಯ ಎಂಜಿನ್ನುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್‌ಲಿಯ ಲಿಸ್ಟರ್ ಕಂಪನಿಯ ವಿನ್ಯಾಸವನ್ನು ಅನುಸರಿಸಿ ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ದಶಕಗಳ ಕಾಲ ತಯಾರಿಸಿದ, ನಿಮಿಷಕ್ಕೆ ಸುಮಾರು 650 ಸುತ್ತು ತಿರುಗುವ, ಭಾರಿ ಗಾಲಿಗಳ ಎಂಜಿನ್ ಇದು. ಎರಡನೆಯದು ಪೀಟರ್ ಮಾದರಿ ಎಂದು ಕರೆಯಲ್ಪಡುವ, 1500 ಸುತ್ತಿನ, ಹಗುರವಾದ ಎಂಜಿನ್. ಇವುಗಳ ಜೊತೆಗೆ 1946ರಲ್ಲಿ ಸ್ಥಾಪನೆಗೊಂಡ ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಮೊದಲಾದ ದೊಡ್ಡ ಕಂಪನಿಗಳ ಎಂಜಿನ್ನುಗಳೂ ಇವೆ.

ನಿಧಾನಗತಿಯ ಎಂಜಿನ್ನಿನಲ್ಲಿ ಸವೆತ ನಿಧಾನ. ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಹೊಂದುವುದುಂಟು. ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲ. ಆದ್ದರಿಂದ ವಯಸ್ಸೊಂದನ್ನೇ ನೋಡಿ ಅದನ್ನು ಹೊರಹಾಕುವುದು ಸರಿಯಲ್ಲ. ಇದಕ್ಕೆ ವಿರುದ್ಧವಾಗಿ, ತಯಾರಿಕೆ ನಿಂತುಹೋದ ಅಪರೂಪದ ಮಾದರಿಯಾಗಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಎಚ್ಚರ ಅಗತ್ಯ. ಬೇಕಾದ ಬಿಡಿಭಾಗ ಹುಮನಾಬಾದಿನಲ್ಲಿ ಸಿಗುತ್ತದೆಯೋ, ಬೀದರ್ ಅಥವಾ ಕಲಬುರಗಿಗೆ ಹೋಗಬೇಕೋ, ಸಿಕಂದರಾಬಾದಿನ ರಾಣಿಗಂಜ್ ಪೇಟೆಯಲ್ಲಿ ಹುಡುಕಬೇಕೋ ಎಂಬುದನ್ನು ಬಿಚ್ಚಿಸುವ ಮೊದಲೇ ವಿಚಾರಿಸಿಕೊಳ್ಳಬೇಕು. ಬಿಚ್ಚಿಟ್ಟ ಎಂಜಿನ್ನಿನ ಮಾಲೀಕನಿಗೆ ಬೆಲೆ ಚೌಕಾಶಿ ಮಾಡುವ ಶಕ್ತಿ ಉಳಿಯುವುದಿಲ್ಲ.

ಬಿಚ್ಚುವ ಮೊದಲಿನ ಪರೀಕ್ಷೆ

ಖರ್ಚಿಲ್ಲದೆ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ.

1. ಹೊಗೆಯ ಬಣ್ಣ. ಕಪ್ಪು ಹೊಗೆಯು ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂಬುದರ ಸೂಚನೆ. ನಾಝಲ್ ಕೆಟ್ಟಿರಬಹುದು, ಗಾಳಿಯ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಎಂಜಿನ್ ಮೇಲೆ ಶಕ್ತಿ ಮೀರಿದ ಭಾರ ಬಿದ್ದಿರಬಹುದು. ಇವು ಅಲ್ಪ ಖರ್ಚಿನ ದೋಷಗಳು. ನೀಲಿ ಹೊಗೆಯು ಎಂಜಿನ್ ಆಯಿಲ್ ಸುಡುತ್ತಿರುವುದನ್ನು ತೋರಿಸುತ್ತದೆ. ರಿಂಗು, ಲೈನರ್ ಸವೆದಿರುವ ಸಂಭವ ಹೆಚ್ಚು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯು ಒತ್ತಡ ಕಡಿಮೆಯಾಗಿರುವುದನ್ನು ಅಥವಾ ಒಳಗೆ ನೀರು ಸೇರುತ್ತಿರುವುದನ್ನು ಸೂಚಿಸುತ್ತದೆ.

2. ಒತ್ತಡ. ಡೀಸೆಲ್ ಬಂದ್ ಮಾಡಿ, ತಣ್ಣಗಿರುವ ಎಂಜಿನ್ನಿನ ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಒಂದು ಹಂತದಲ್ಲಿ ಅದು ಬಲವಾಗಿ ತಡೆದು ಹಿಂದಕ್ಕೆ ತಳ್ಳಬೇಕು. ತಡೆಯಿಲ್ಲದೆ ಸಲೀಸಾಗಿ ದಾಟಿದರೆ ಒತ್ತಡ ಸೋರುತ್ತಿದೆ. ವಾಲ್ವ್ ಕಡೆಯಿಂದ ಸೋರಿದರೆ ಖರ್ಚು ಕಡಿಮೆ, ರಿಂಗಿನ ಕಡೆಯಿಂದ ಸೋರಿದರೆ ಹೆಚ್ಚು.

3. ಶಬ್ದ. ಭಾರ ಹಾಕಿದಾಗ ಕೆಳಗಿನಿಂದ ಕೇಳಿಬರುವ ಗಡುಸಾದ ಬಡಿತವು ಬೇರಿಂಗ್ ಹಾಗೂ ಕ್ರ್ಯಾಂಕಿನ ಸವೆತದ ಲಕ್ಷಣ. ಇದನ್ನು ಕೇಳಿಯೂ ಓಡಿಸಿದರೆ ಸಣ್ಣ ದುರಸ್ತಿ ದೊಡ್ಡದಾಗುತ್ತದೆ.

4. ಇಂಧನದ ಅಳತೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಎಲ್ಲರೂ ಬಿಡುವುದೂ ಇದನ್ನೇ. ಟ್ಯಾಂಕನ್ನು ಗುರುತಿನವರೆಗೆ ತುಂಬಿ, ಮಾಮೂಲಿ ಭಾರದಲ್ಲಿ ಎರಡು ಗಂಟೆ ಓಡಿಸಿ, ಮತ್ತೆ ಅದೇ ಗುರುತಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ನೋಡಬೇಕು. 10 ಎಚ್‌ಪಿ ಎಂದರೆ ಸುಮಾರು 7.5 ಕಿಲೋವ್ಯಾಟ್. ಸುಸ್ಥಿತಿಯ ಎಂಜಿನ್ ಒಂದು ಯೂನಿಟ್ ಶಕ್ತಿಗೆ 250 ಗ್ರಾಂ ಡೀಸೆಲ್ ಬಳಸುತ್ತದೆ ಎಂದು ಹಿಡಿದರೆ, ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 2.2 ಲೀಟರ್ ಆಗುತ್ತದೆ. ಅಳತೆಯಲ್ಲಿ 2.6 ಲೀಟರ್ ಬಂದರೆ ಉಳಿದ 0.4 ಲೀಟರ್ ಹೊಗೆಯಾಗಿ ಹೋಗುತ್ತಿದೆ ಎಂದರ್ಥ.

ಬಿಚ್ಚಿದ ಮೇಲೆ

ಕೆಲವು ಖರ್ಚುಗಳು ಬಿಚ್ಚಿದ ಮೇಲೆಯೇ ಗೊತ್ತಾಗುತ್ತವೆ. ಆದ್ದರಿಂದ ಕೆಲಸವನ್ನು ಎರಡು ಹಂತಗಳಾಗಿ ಒಪ್ಪಿಸುವುದು ಜಾಣತನ: ಮೊದಲು ಬಿಚ್ಚಿ ಅಳೆಯುವುದಕ್ಕೆ ಮಾತ್ರ ಕೂಲಿ; ಬಳಿಕ ಬಿಡಿಭಾಗ, ಲೇಥ್ ಕೆಲಸ, ಜೋಡಣೆಯ ಕೂಲಿ ಬೇರೆ ಬೇರೆಯಾಗಿ ಬರೆದ ಅಂದಾಜು ಪಟ್ಟಿ; ಅದನ್ನು ನೋಡಿದ ಮೇಲೆ ಒಪ್ಪಿಗೆ.

ಪಿಸ್ಟನ್, ರಿಂಗು, ಲೈನರ್, ವಾಲ್ವ್, ನಾಝಲ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಇವನ್ನು ಬದಲಿಸುವುದರಿಂದ ಎಂಜಿನ್ನಿಗೆ ಹೊಸ ಆಯುಷ್ಯ ಬರುತ್ತದೆ. ಕ್ರ್ಯಾಂಕಿನ ವಿಷಯ ಬೇರೆ. ಅದನ್ನು ಪ್ರತಿ ಸಲ ಕಾಲು ಮಿಲಿಮೀಟರಿನಂತೆ ಅರೆದು, ಅದಕ್ಕೆ ಹೊಂದುವ ಬೇರಿಂಗ್ ಹಾಕಲಾಗುತ್ತದೆ. ಹೊಂದುವ ಬೇರಿಂಗ್ ಸಿಗದ ಅಳತೆಗೆ ಇಳಿದಿದ್ದರೆ ಕ್ರ್ಯಾಂಕಿನ ಆಯುಷ್ಯ ಮುಗಿಯಿತು. ಇನ್ನು ಬ್ಲಾಕ್ ಸೀಳಿದ್ದರೆ, ವೆಲ್ಡಿಂಗ್ ಮಾಡಿಸುವ ಸಲಹೆಯನ್ನು ನಯವಾಗಿ ನಿರಾಕರಿಸುವುದೇ ಲೇಸು. ಕ್ರ್ಯಾಂಕ್ ಮತ್ತು ಬ್ಲಾಕ್ ಎರಡೂ ಕೈಕೊಟ್ಟ ಎಂಜಿನ್ನಿನ ವಿಷಯದಲ್ಲಿ ಮುಂದಿನ ಲೆಕ್ಕದ ಅಗತ್ಯವೇ ಇಲ್ಲ.

ಇಬ್ಬರು ಮಾಲೀಕರು, ಎರಡು ಉತ್ತರ

ಒಂದೇ ಮಾದರಿಯ, ಒಂದೇ ವಯಸ್ಸಿನ 10 ಎಚ್‌ಪಿ ಎಂಜಿನ್ ಇಬ್ಬರ ಬಳಿ ಇದೆ ಎಂದು ಭಾವಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಹಿಡಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ಹೊಸ ಎಂಜಿನ್ನಿಗೆ ತೆರಿಗೆ ಸೇರಿ 75,000 ರೂ., ಹಳೆಯದಕ್ಕೆ ಗುಜರಿ ಬೆಲೆ 8,000 ರೂ.; ಅಂದರೆ ಕೈಯಿಂದ ಹೋಗುವುದು 67,000 ರೂ. ಪೂರ್ಣ ದುರಸ್ತಿಗೆ 30,000 ರೂ. ಡೀಸೆಲ್ ಲೀಟರಿಗೆ 90 ರೂ. ಬಡ್ಡಿ ಶೇ. 12, ಹೂಡಿದ ಹಣ ವರ್ಷದಿಂದ ವರ್ಷಕ್ಕೆ ತೀರುತ್ತ ಹೋಗುವುದರಿಂದ ಅದರ ಅರ್ಧದ ಮೇಲೆ ಮಾತ್ರ ಬಡ್ಡಿ ಹಿಡಿದಿದೆ.

ಮೊದಲನೆಯವರು ರೈತರಿಂದ ಕಬ್ಬು ಕೊಂಡು ಬೆಲ್ಲ ಮಾಡುವ ಗಾಣದ ಮಾಲೀಕರು. 120 ದಿನದ ಹಂಗಾಮಿನಲ್ಲಿ ದಿನಕ್ಕೆ 10 ಗಂಟೆಯಂತೆ 1,200 ಗಂಟೆ ಎಂಜಿನ್ ಓಡುತ್ತದೆ. ದುರಸ್ತಿಯ ಬಳಿಕ ಗಂಟೆಗೆ 2.4 ಲೀಟರ್, ಹೊಸದಾದರೆ 2.2 ಲೀಟರ್ ಡೀಸೆಲ್ ಬೇಕು.

ದುರಸ್ತಿ ಮಾಡಿಸಿದರೆ ವಾರ್ಷಿಕ ವೆಚ್ಚ:
ದುರಸ್ತಿಯ ಖರ್ಚು, 3 ಹಂಗಾಮಿಗೆ ಹಂಚಿದಾಗ: 10,000 ರೂ.
ಬಡ್ಡಿ: 1,800 ರೂ.
ಹೆಚ್ಚುವರಿ ಡೀಸೆಲ್, 240 ಲೀಟರ್: 21,600 ರೂ.
ಸಣ್ಣಪುಟ್ಟ ರಿಪೇರಿ: 6,000 ರೂ.
ಒಟ್ಟು: 39,400 ರೂ.

ಹೊಸದನ್ನು ಕೊಂಡರೆ ವಾರ್ಷಿಕ ವೆಚ್ಚ:
67,000 ರೂ., 8 ಹಂಗಾಮಿಗೆ ಹಂಚಿದಾಗ: 8,375 ರೂ.
ಬಡ್ಡಿ: 4,020 ರೂ.
ಸಣ್ಣಪುಟ್ಟ ರಿಪೇರಿ: 2,000 ರೂ.
ಒಟ್ಟು: 14,395 ರೂ.

ದುರಸ್ತಿಯ ಖರ್ಚು ಹೊಸ ಬೆಲೆಯ ಶೇ. 40 ಮಾತ್ರ. ಅರ್ಧದ ಸೂತ್ರದ ಪ್ರಕಾರ ದುರಸ್ತಿಯೇ ಸರಿ. ಆದರೆ ಲೆಕ್ಕ ಹೇಳುವುದು ಬೇರೆ: ದುರಸ್ತಿ ಮಾಡಿಸಿದವರು ವರ್ಷಕ್ಕೆ 25,005 ರೂ. ಕಳೆದುಕೊಳ್ಳುತ್ತಾರೆ. ಇದರಲ್ಲಿ ಹೆಚ್ಚಿನ ಪಾಲು ಡೀಸೆಲ್‌ನದು. ಅದು ದಿನಕ್ಕೆ ಎರಡು ಲೀಟರಿನಂತೆ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಮೇಲೆ ಹಂಗಾಮಿನ ನಡುವೆ ಎಂಜಿನ್ ನಿಂತರೆ ಆಗುವ ನಷ್ಟವಿದೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದು ದಿನ ಕಳೆದಂತೆ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಕೆಡುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ. ಕೆಲಸವಿರಲಿ ಬಿಡಲಿ, ಗಾಣದ ಆಳುಗಳ ಕೂಲಿ ತಪ್ಪದು. ಒಂದು ದಿನದ ನಷ್ಟ 6,000 ರೂ. ಎಂದು ಹಿಡಿದು, ಹಳೆಯ ಎಂಜಿನ್ ಹಂಗಾಮಿನಲ್ಲಿ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ ಎಂದುಕೊಂಡರೆ ಇನ್ನೂ 24,000 ರೂ. ಸೇರುತ್ತದೆ.

ಎರಡನೆಯವರು ಹಿಟ್ಟಿನ ಗಿರಣಿಯವರು. ಗಿರಣಿ ವಿದ್ಯುತ್ ಮೋಟಾರಿನಿಂದ ನಡೆಯುತ್ತದೆ. ಕರೆಂಟು ಹೋದಾಗ ಮಾತ್ರ ಎಂಜಿನ್. ವರ್ಷಕ್ಕೆ 80 ಗಂಟೆ. ಇವರಿಗೆ ಪೂರ್ಣ ದುರಸ್ತಿಯೂ ಬೇಡ. ರಿಂಗು, ನಾಝಲ್ ಬದಲಿಸಿ ವಾಲ್ವ್ ಅರೆಸಿದರೆ ಸಾಕು, 9,000 ರೂ. ಅದು 3 ವರ್ಷ ಬಾಳುತ್ತದೆ ಎಂದುಕೊಂಡರೆ ವರ್ಷಕ್ಕೆ 3,000 ರೂ., ಬಡ್ಡಿ 540 ರೂ., ಗಂಟೆಗೆ 0.3 ಲೀಟರಿನಂತೆ ಹೆಚ್ಚುವರಿ ಡೀಸೆಲ್ 2,160 ರೂ., ಸಣ್ಣ ರಿಪೇರಿ 1,000 ರೂ., ಒಟ್ಟು 6,700 ರೂ. ಹೊಸ ಎಂಜಿನ್ ಇವರ ಬಳಿ 15 ವರ್ಷ ಬಾಳಿದರೂ 67,000 ರೂ.ಗಳ ಹಂಚಿಕೆ 4,467 ರೂ., ಬಡ್ಡಿ 4,020 ರೂ., ರಿಪೇರಿ 500 ರೂ., ಒಟ್ಟು 8,987 ರೂ. ದುರಸ್ತಿಯೇ ಲಾಭ, ಜೊತೆಗೆ 58,000 ರೂ. ನಗದು ವ್ಯಾಪಾರದಲ್ಲಿ ಉಳಿಯುತ್ತದೆ.

ಎಂಜಿನ್ ಒಂದೇ, ಉತ್ತರ ಎರಡು. ವ್ಯತ್ಯಾಸವಿರುವುದು ಓಡುವ ಗಂಟೆಗಳಲ್ಲಿ.

ಈ ಲೆಕ್ಕದಲ್ಲಿ ಬೇಕೆಂದೇ ಸೇರಿಸದ ಎರಡು ಅಂಕಿಗಳಿವೆ. ಒಂದು, ಹಿಂದೆ ಮಾಡಿದ ದುರಸ್ತಿಯ ಖರ್ಚು. ಹೋದ ವರ್ಷವಷ್ಟೇ 15,000 ಹಾಕಿದ್ದೇನೆ, ಈಗ ಹೇಗೆ ಬಿಡಲಿ ಎಂಬ ಮಾತು ಪ್ರತಿ ಪೇಟೆಯಲ್ಲೂ ಕೇಳಿಬರುತ್ತದೆ. ಆ ಹಣ ದುರಸ್ತಿ ಮಾಡಿಸಿದರೂ ಮರಳುವುದಿಲ್ಲ, ಮಾರಿದರೂ ಮರಳುವುದಿಲ್ಲ; ಇಂದಿನ ನಿರ್ಣಯಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದಿರುವ ಮೌಲ್ಯ. ಪುಸ್ತಕದಲ್ಲಿ 2,000 ಇದ್ದರೂ 20,000 ಇದ್ದರೂ ಗುಜರಿಯವನು ಕೊಡುವುದು ಪೇಟೆಯ ದರವನ್ನೇ.

ಇಂಧನವೇ ಬದಲಾದಾಗ

ಎಂಜಿನ್ ಸವೆಯದಿದ್ದರೂ ಹಳತಾಗಬಹುದು ಎಂಬುದಕ್ಕೆ ರಾಜ್ಯದ ಇನ್ನೊಂದು ತುದಿಯ ಕರಾವಳಿಯಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿನ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಬಹುಪಾಲು ಸೀಮೆಎಣ್ಣೆಯಿಂದ ಓಡುವಂಥವಾಗಿದ್ದವು. ಉಪ್ಪುನೀರಿನ ತುಕ್ಕು, ತಂಪು ನೀರು ಎಳೆಯುವ ಪಂಪಿನ ಸವೆತ, ಸಿಲಿಂಡರುಗಳ ಒತ್ತಡದಲ್ಲಿ ಏರುಪೇರು, ಇವನ್ನು ನೋಡಿ ಮೀನುಗಾರರು ದುರಸ್ತಿಯ ನಿರ್ಣಯ ಮಾಡುತ್ತಿದ್ದರು. ಸೀಮೆಎಣ್ಣೆಯ ಮೇಲಿನ ಕೇಂದ್ರದ ಸಬ್ಸಿಡಿ ಹಂತಹಂತವಾಗಿ ಇಳಿದು 2020ರ ವೇಳೆಗೆ ಕೊನೆಗೊಂಡ ಮೇಲೆ ಲೆಕ್ಕವೇ ಬೇರೆಯಾಯಿತು. ಗಟ್ಟಿಮುಟ್ಟಾದ ಎಂಜಿನ್ನಿಗೂ, ಇದಕ್ಕೆ ಮುಂದೆ ಇಂಧನ ಎಲ್ಲಿಂದ, ಯಾವ ದರದಲ್ಲಿ ಎಂಬ ಪ್ರಶ್ನೆ ಎದುರಾಯಿತು.

ಬೀದರ್ ಜಿಲ್ಲೆಯ ಗಾಣ, ಗಿರಣಿಗಳ ಮಟ್ಟಿಗೆ ಅಂಥದೇ ಪ್ರಶ್ನೆ ವಿದ್ಯುತ್ತಿನದು. 10 ಎಚ್‌ಪಿ ಮೋಟಾರು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 8.5 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ 8 ರೂ. ಹಿಡಿದರೂ ಗಂಟೆಗೆ 68 ರೂ. ಅದೇ ಕೆಲಸಕ್ಕೆ ಹೊಸ ಡೀಸೆಲ್ ಎಂಜಿನ್ 198 ರೂ. ತಿನ್ನುತ್ತದೆ. ಆದ್ದರಿಂದ ಜೆಸ್ಕಾಂನ ಮೂರು ಫೇಸ್ ಸಂಪರ್ಕ ನ್ಯಾಯವಾಗಿ, ಬೇಕಾದ ಹೊತ್ತಿನಲ್ಲಿ ಸಿಗುವ ಜಾಗವಾಗಿದ್ದರೆ ಹಳೆಯ ಎಂಜಿನ್ನಿಗೆ ನಿಜವಾದ ಪೈಪೋಟಿ ಮೋಟಾರಿನದು, ಹೊಸ ಎಂಜಿನ್ನಿನದಲ್ಲ. ಠೇವಣಿ, ನಿಗದಿತ ಶುಲ್ಕ, ಕಂಬ ಮತ್ತು ತಂತಿಯ ಖರ್ಚುಗಳನ್ನು ಸೇರಿಸಿಯೇ ಹೋಲಿಸಬೇಕು. ಕೃಷಿ ಪಂಪ್‌ಸೆಟ್ಟಿನ ಉಚಿತ ಸಂಪರ್ಕದಿಂದ ಗಾಣಕ್ಕೆ ತಂತಿ ಎಳೆಯುವುದು ಕಾನೂನುಬಾಹಿರ. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಜನರೇಟರ್ ಇರುವವರು ಇನ್ನೊಂದನ್ನು ಗಮನಿಸಬೇಕು. 2023ರ ಜುಲೈ 1ರಿಂದ ಹೊಸ ಡೀಸೆಲ್ ಜನರೇಟರುಗಳಿಗೆ ಕಠಿಣವಾದ ಹೊಗೆ ಮಾನದಂಡಗಳು ಜಾರಿಗೆ ಬಂದಿವೆ. ಅದಕ್ಕೆ ಬೇಕಾದ ಸಾಧನಗಳಿಂದ ಹೊಸದರ ಬೆಲೆ ಏರುವುದು ಸಹಜ. ಅಪರೂಪಕ್ಕೆ ಓಡುವ ಸುಸ್ಥಿತಿಯ ಹಳೆಯ ಜನರೇಟರನ್ನು ಅವಸರದಿಂದ ಮಾರಬಾರದು.

ತೆರಿಗೆಯ ದೃಷ್ಟಿಯಿಂದ

ಆದಾಯ ತೆರಿಗೆಯಲ್ಲಿ ದುರಸ್ತಿಯ ಖರ್ಚು ಅದೇ ವರ್ಷ ಪೂರ್ತಿಯಾಗಿ ಕಳೆಯುತ್ತದೆ. ಹೊಸ ಯಂತ್ರದ ಬೆಲೆ ಬಂಡವಾಳ ವೆಚ್ಚವಾಗಿ, ವರ್ಷಕ್ಕೆ ಶೇ. 15ರ ಸವಕಳಿಯ ಮೂಲಕ ಮಾತ್ರ ಕಳೆಯುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ನವೆಂಬರಿನಲ್ಲಿ ಗಾಣ ಹೂಡಿದಾಗ ಬಳಕೆಗೆ ತಂದ 75,000 ರೂ.ಗಳ ಎಂಜಿನ್ನಿಗೆ ಮೊದಲ ವರ್ಷ ಸಿಗುವುದು 5,625 ರೂ. ಮಾತ್ರ.

ಯಾವುದು ದುರಸ್ತಿ, ಯಾವುದು ಬಂಡವಾಳ ಎಂಬುದರ ಬಗ್ಗೆ ನ್ಯಾಯಾಲಯಗಳ ಮಾರ್ಗದರ್ಶನವಿದೆ. ಇರುವ ಆಸ್ತಿಯನ್ನು ಕಾಯ್ದುಕೊಳ್ಳಲು ಮಾಡಿದ ಖರ್ಚು ದುರಸ್ತಿ; ಹೊಸ ಆಸ್ತಿ ಅಥವಾ ಹೊಸ ಅನುಕೂಲ ತಂದುಕೊಡುವ ಖರ್ಚು ದುರಸ್ತಿಯಲ್ಲ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ಚಿತ್ರಮಂದಿರವೊಂದರ ಸಮಗ್ರ ನವೀಕರಣದ ವೆಚ್ಚವನ್ನು ಪ್ರಸ್ತುತ ದುರಸ್ತಿಯೆಂದು ಒಪ್ಪಲಿಲ್ಲ. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, ಗಿರಣಿಯ ಒಂದು ಪೂರ್ಣ ಯಂತ್ರವನ್ನೇ ಬದಲಿಸುವುದು ದುರಸ್ತಿಯಲ್ಲ ಎಂದಿತು. ಆದ್ದರಿಂದ ಪಿಸ್ಟನ್, ಲೈನರ್ ಬದಲಿಸಿದ್ದು ದುರಸ್ತಿ. ಇಡೀ ಎಂಜಿನ್ ತಂದು ದುರಸ್ತಿ ಖಾತೆಗೆ ಬರೆಯುವುದು ಅಪಾಯ. 1961ರ ಕಾಯ್ದೆಯ ಸೆಕ್ಷನ್ 31ರ ಈ ಭೇದ, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲೂ ಬೇರೆ ಸೆಕ್ಷನ್ ಸಂಖ್ಯೆಯಡಿ ಮುಂದುವರಿಯುತ್ತದೆ. ಅಂದಾಜು ಲಾಭದ ಯೋಜನೆಯಲ್ಲಿ, ಅಂದರೆ ವಹಿವಾಟಿನ ಶೇ. 6 ಅಥವಾ 8ರ ಮೇಲೆ ತೆರಿಗೆ ಕಟ್ಟುವವರಿಗೆ ಮಾತ್ರ ಈ ಭೇದದಿಂದ ವ್ಯತ್ಯಾಸವಾಗುವುದಿಲ್ಲ. ಉಳಿದವರು ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ದುರಸ್ತಿಯ ಖರ್ಚೂ ಮಾನ್ಯವಾಗದು, ಹೊಸ ಯಂತ್ರದ ಬೆಲೆಗೆ ಸವಕಳಿಯೂ ಸಿಗದು.

ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಒಂದು ಮುಖ್ಯ ಬದಲಾವಣೆಯಾಗಿದೆ. 15 ಎಚ್‌ಪಿ ಮೀರದ ನಿಗದಿತ ವೇಗದ ಡೀಸೆಲ್ ಎಂಜಿನ್ನಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ನೋಂದಾಯಿತ ವರ್ಕ್‌ಶಾಪಿನ ದುರಸ್ತಿ ಸೇವೆಗೆ ಶೇ. 18 ಇದೆ. ಲೇಬಲ್ ಹಾಕಿ ಕಟ್ಟದ ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲದಿರುವುದರಿಂದ ಅದನ್ನಷ್ಟೇ ಮಾರುವ ಗಾಣದವರಿಗೆ ಹೂಡುವಳಿ ತೆರಿಗೆಯ ವಾಪಸಾತಿಯೂ ಇಲ್ಲ; ಕಟ್ಟಿದ ತೆರಿಗೆ ಪೂರ್ತಿ ಖರ್ಚೇ. ಹಿಂದಿನ ವರ್ಷದ ಲೆಕ್ಕದ ಮೇಲೆ ದುರಸ್ತಿಗೆ ಮನಸ್ಸು ಮಾಡಿರುವವರು ಹೊಸ ದರ ಕೇಳಿಕೊಂಡು ಇನ್ನೊಮ್ಮೆ ಕೂಡಿ ಕಳೆಯುವುದು ಒಳಿತು.

ಒಂದು ಎಚ್ಚರಿಕೆ. ತೆರಿಗೆಯ ಉಳಿತಾಯಕ್ಕಾಗಿಯೇ ಹಳೆಯ ಎಂಜಿನ್ ಉಳಿಸಿಕೊಳ್ಳುವುದು ತಪ್ಪು. ಶೇ. 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ 30,000 ರೂ.ಗಳ ದುರಸ್ತಿಯಿಂದ ಆ ವರ್ಷ ಉಳಿಯುವುದು 6,000 ರೂ. ಹೊಸ ಎಂಜಿನ್ನಿನ ಸವಕಳಿ ತಡವಾಗಿಯಾದರೂ ಬಂದೇ ಬರುತ್ತದೆ. ಹೊಗೆಯಾಗಿ ಹೋದ ಡೀಸೆಲ್ ಬರುವುದಿಲ್ಲ.

ಒಂದು ನೋಟುಬುಕ್ಕು

ಮೇಲಿನ ಲೆಕ್ಕಕ್ಕೆ ಬೇಕಾದ ಮಾಹಿತಿ ಯಾವ ಅಂಗಡಿಯಲ್ಲೂ ಸಿಗದು. ಎಂಜಿನ್ ಪಕ್ಕದ ಗೋಡೆಗೆ ಒಂದು ನೋಟುಬುಕ್ಕು ತೂಗುಹಾಕಿ, ಪ್ರತಿ ದಿನ ಓಡಿದ ಗಂಟೆ, ಹಾಕಿದ ಡೀಸೆಲ್, ಸೇರಿಸಿದ ಆಯಿಲ್, ನಿಂತ ಸಮಯ ಮತ್ತು ರಿಪೇರಿಯ ಖರ್ಚು ಬರೆಸಿದರೆ ಒಂದೇ ಹಂಗಾಮಿನಲ್ಲಿ ಎಲ್ಲ ಅಂಕಿಗಳೂ ಕೈಗೆ ಬರುತ್ತವೆ. ಗಂಟೆಗೆ ತಗಲುವ ಡೀಸೆಲ್ ತಿಂಗಳಿಂದ ತಿಂಗಳಿಗೆ ಏರುತ್ತಿರುವುದು ಕಂಡುಬಂದರೆ, ಹಂಗಾಮು ಮುಗಿದ ಕೂಡಲೇ, ಅಂದರೆ ಬೇಸಿಗೆಯಲ್ಲಿಯೇ ನಿರ್ಣಯ ಕೈಗೊಳ್ಳಬೇಕು. ಆಗ ಮಿಸ್ತ್ರಿಗೂ ಬಿಡುವಿರುತ್ತದೆ, ಅಂಗಡಿಯವನಿಗೂ ಗಿರಾಕಿ ಬೇಕಿರುತ್ತದೆ. ಕಬ್ಬಿನ ಗಾಡಿ ಗಾಣದ ಮುಂದೆ ಬಂದು ನಿಂತ ಮೇಲೆ ಯಾರ ಜೊತೆಗೂ ಚೌಕಾಶಿ ಮಾಡಲಾಗುವುದಿಲ್ಲ.